ಸಭೆ ಎಷ್ಟು ಗಂಟೆಗೆ?

ಸಭೆಯ ನೋಟಿಸು ಕೈಗೆ ಬಂದರೆ ಹೆಚ್ಚಿನವರು ಮೊದಲು ಓದೋದು ವಿಷಯ. ನಾನು ಮೊದಲು ನೋಡೋದು ವಾರ ಮತ್ತು ಗಂಟೆ. ಸಾತಪುರದಲ್ಲಿ ಇಷ್ಟು ವರ್ಷ ಶಿಫ್ಟ್ ಡ್ಯೂಟಿ ಮಾಡಿ ಹತ್ತಿದ ಚಾಳಿ ಇದು. "ಬುಧವಾರ ಬೆಳಿಗ್ಗೆ 11 ಗಂಟೆಗೆ ಎಲ್ಲ ಪಾಲಕರೂ ತಪ್ಪದೇ ಹಾಜರಿರಬೇಕು" ಅಂತ ಬರೆದಿದ್ದರೆ ನನ್ನ ಕಿವಿಗೆ ಅದು ಬೇರೆ ಥರಾನೇ ಕೇಳುತ್ತೆ. ಫಸ್ಟ್ ಶಿಫ್ಟಿನವರು ಬರಬೇಡಿ, ನೈಟ್ ಶಿಫ್ಟ್ ಮುಗಿಸಿ ಮಲಗಿದವರು ಏಳಬೇಡಿ, ದಿನಗೂಲಿಯವರಂತೂ ಆ ಕಡೆ ತಲೆ ಹಾಕಬೇಡಿ ಅಂತ!

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಸಾತಪುರ ಅಂದರೆ ನಾಸಿಕದಿಂದ ತ್ರ್ಯಂಬಕೇಶ್ವರಕ್ಕೆ ಹೋಗೋ ರಸ್ತೆಯಲ್ಲಿ ಸಿಗೋ ಕೈಗಾರಿಕಾ ಪ್ರದೇಶ. ನೀವು ಜ್ಯೋತಿರ್ಲಿಂಗ ನೋಡೋಕೆ ಬಸ್ಸಲ್ಲಿ ಹೋಗಿದ್ದರೆ ನಮ್ಮ ಓಣಿ ದಾಟಿಯೇ ಹೋಗಿರ್ತೀರಿ. ಒಂದು ಕಾಲಕ್ಕೆ ಹಳ್ಳಿ, ಆಮೇಲೆ ಎಂಐಡಿಸಿ, 1982ರಲ್ಲಿ ನಾಸಿಕ ಮಹಾನಗರಪಾಲಿಕೆ ಆದ ಮೇಲೆ ಊರಿನ ಒಂದು ವಿಭಾಗ. ನಾನು ಗದಗ ಕಡೆಯಿಂದ ಟರ್ನರ್ ಕೆಲಸಕ್ಕೆ ಅಂತ ಬಂದವನು ಇಲ್ಲೇ ಬೇರು ಬಿಟ್ಟೆ. ದಕ್ಷಿಣದಿಂದ ಬಂದವರೆಲ್ಲ ಇಲ್ಲಿಯವರಿಗೆ "ಅಣ್ಣಾ". ನಾನು ಇಡ್ಲಿ ಗಾಡಿ ಇಟ್ಟವನಲ್ಲ ಅಂತ ಎಷ್ಟು ಹೇಳಿದರೂ ಹೆಸರು ಹೋಗಲಿಲ್ಲ, ಬಿಡಿ.

ಇವತ್ತಿನ ವಿಷಯ ಶಾಲೆಯ ದುಡ್ಡು. ಅದಕ್ಕಿಂತ ಹೆಚ್ಚಾಗಿ, ಶಾಲೆಯ ದುಡ್ಡನ್ನ ಯಾವುದಕ್ಕೆ ಖರ್ಚು ಮಾಡಬೇಕು ಅಂತ ಜನ ಕೂತು ಕೈ ಎತ್ತೋ ಸಭೆ ಯಾವತ್ತು, ಎಷ್ಟು ಗಂಟೆಗೆ ನಡೀಬೇಕು ಅನ್ನೋದು.

ನಮ್ಮ ದೇಶದಲ್ಲಿ ಶಾಲೆಯ ಬಜೆಟ್ಟಿಗೆ ಊರಿನವರು ಓಟು ಹಾಕೋ ಪದ್ಧತಿ ಇಲ್ಲ. ಅದಕ್ಕೆ ಹತ್ತಿರದ್ದು ಅಂದರೆ ಎರಡು. ಒಂದು, ಹಳ್ಳಿಯ ಗ್ರಾಮಸಭೆ. ಇನ್ನೊಂದು, ಶಾಲೆಯ ಸಮಿತಿ. ಕರ್ನಾಟಕದಲ್ಲಿ ಇದಕ್ಕೆ ಎಸ್‌ಡಿಎಂಸಿ ಅಂತಾರೆ, 2001ರ ಏಪ್ರಿಲ್‌ನಲ್ಲಿ ಸರ್ಕಾರಿ ಆದೇಶದಿಂದ ಹುಟ್ಟಿದ್ದು. ಇಡೀ ದೇಶಕ್ಕೆ ಕಡ್ಡಾಯ ಆಗಿದ್ದು 2010ರ ಏಪ್ರಿಲ್ 1ರಿಂದ, ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದಾಗ. ಮಹಾರಾಷ್ಟ್ರದಲ್ಲಿ ಇದರ ಹೆಸರು "ಶಾಳಾ ವ್ಯವಸ್ಥಾಪನ ಸಮಿತಿ". ಸದಸ್ಯರಲ್ಲಿ ಮುಕ್ಕಾಲು ಪಾಲು ತಂದೆತಾಯಿಯರು ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು ಇರಬೇಕು. ಶಾಲೆಗೆ ಬಂದ ಅನುದಾನ ಹೇಗೆ ಖರ್ಚಾಗ್ತಿದೆ ಅಂತ ನೋಡೋದು, ಶಾಲೆಗೆ ಏನು ಬೇಕು ಅಂತ ಯೋಜನೆ ಮಾಡಿ ಕೊಡೋದು ಇವರ ಕೆಲಸ. ಕೇಂದ್ರದ 2010ರ ಮಾದರಿ ನಿಯಮದಲ್ಲಿ ಒಂದು ಜಾಣ ಮಾತಿದೆ. ಸಮಿತಿ ರಚನೆಯಾದ ಆರ್ಥಿಕ ವರ್ಷ ಮುಗಿಯೋಕೆ ಮೂರು ತಿಂಗಳು ಮೊದಲೇ ಈ ಯೋಜನೆ ತಯಾರಾಗಿರಬೇಕು ಅಂತ. ಅಂದರೆ ಡಿಸೆಂಬರ್ ಕೊನೆಯೊಳಗೆ. ಈ ಮೂರು ತಿಂಗಳ ಬೆಲೆ ಏನು ಅಂತ ಮುಂದೆ ಹೇಳ್ತೀನಿ.

ಮಗಳು ಪಾಲಿಕೆಯ ಮರಾಠಿ ಶಾಲೆಯಲ್ಲಿ ಓದ್ತಿದ್ದಾಗ, 2012ರಲ್ಲಿ, ನಾನೂ ಆ ಸಮಿತಿಗೆ ಆಯ್ಕೆಯಾದೆ. ಆಯ್ಕೆ ಅಂದರೆ ದೊಡ್ಡ ಪೈಪೋಟಿ ಏನಲ್ಲ. "ಅಣ್ಣಾ ಇರಲಿ, ಲೆಕ್ಕ ಗೊತ್ತು" ಅಂದರು, ಮುಗೀತು. ಸಭೆಗಳು ಮಾತ್ರ ಯಾವಾಗಲೂ ಕೆಲಸದ ದಿನ, ಹನ್ನೊಂದು ಗಂಟೆಗೆ. ಹನ್ನೆರಡು ಜನ ಪಾಲಕರಲ್ಲಿ ಬರ್ತಿದ್ದವರು ಮೂವರು. ಒಬ್ಬರು ಕಿರಾಣಿ ಅಂಗಡಿಯವರು, ಒಬ್ಬರು ನಿವೃತ್ತರಾದ ಅಜ್ಜ, ಸೆಕೆಂಡ್ ಶಿಫ್ಟ್ ಇದ್ದ ವಾರ ನಾನು. ಉಳಿದವರ ಮನೆಗೆ ಸಂಜೆ ರಜಿಸ್ಟರೇ ನಡೆದುಕೊಂಡು ಹೋಗೋದು! ಶಿಪಾಯಿ ಬಾಗಿಲಲ್ಲಿ ನಿಂತು ಬೆರಳಿಟ್ಟು ತೋರಿಸಿದ ಕಡೆ ಸಹಿ. ಕಾಗದದ ಮೇಲೆ ನಮ್ಮ ಶಾಲೆಯ ಹಾಜರಾತಿ ನೂರಕ್ಕೆ ನೂರು.

2013ರ ಮಾರ್ಚಿನಲ್ಲಿ ಅನುದಾನ ಬಂತು. ಆಗ ಸರ್ವ ಶಿಕ್ಷಾ ಅಭಿಯಾನದ ಕಾಲ. ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿ, ಹಿರಿಯ ಪ್ರಾಥಮಿಕಕ್ಕೆ 7,000, ದುರಸ್ತಿಗೆ ಅಂತ ಬೇರೆ ಒಂದಿಷ್ಟು. ದುಡ್ಡು ಬಂದಿದ್ದು ಮಾರ್ಚ್ ಎರಡನೇ ವಾರ, ಖರ್ಚು ತೋರಿಸಬೇಕಾಗಿದ್ದು 31ರೊಳಗೆ. ಇದು ನಮ್ಮ ಶಾಲೆಯ ಕತೆ ಮಾತ್ರ ಅಂದುಕೋಬೇಡಿ. ಆ ವರ್ಷಗಳಲ್ಲಿ "ಪೈಸಾ" ಅನ್ನೋ ಸಮೀಕ್ಷೆ ದೇಶದ ಶಾಲೆಗಳ ಅನುದಾನದ ಜಾಡು ಹಿಡಿದು ಹೋಗಿತ್ತು. ಶಾಲೆಗೆ ದುಡ್ಡು ತಡವಾಗಿ ಮುಟ್ಟುತ್ತೆ ಅನ್ನೋದೇ ಅದು ವರ್ಷವರ್ಷ ಎತ್ತಿದ ದೂರು.

ಹತ್ತು ಹದಿನೈದು ದಿನದಲ್ಲಿ ಯಾವ ಕೆಲಸ ಮುಗಿಯುತ್ತೆ ಹೇಳಿ? ಬಣ್ಣ. ಗೋಡೆಗೆ ಬಣ್ಣ ಬಳಿಯೋಕೆ ನಕ್ಷೆ ಬೇಡ, ಪ್ಲಂಬರ್ ಬೇಡ, ಚರ್ಚೆ ಬೇಡ. ಬುಧವಾರ ಹನ್ನೊಂದು ಗಂಟೆಗೆ ಮೂವರು ಪಾಲಕರ ಎದುರು ಠರಾವು ಓದಿದರು, ಸಂಜೆ ರಜಿಸ್ಟರ್ ಓಣಿ ಸುತ್ತಿ ಬಂತು. ಶಾಲೆ ಹಳದಿ ಆಯ್ತು.

ಅದಾದ ವಾರಕ್ಕೆ ನಮ್ಮ ಚಾಳಿನ ಒಬ್ಬ ತಾಯಿ, ಪ್ಯಾಕಿಂಗ್ ಕೆಲಸದ ಕಂತ್ರಾಟಿ ಕಾಮಗಾರ್ತಿ, ನಲ್ಲಿ ಹತ್ತಿರ ಸಿಕ್ಕರು. ಅವರೂ ಸಮಿತಿಯ ಸದಸ್ಯೆಯೇ. ಒಂದು ದಿನ ರಜೆ ಹಾಕಿದರೆ ಒಂದು ದಿನದ ಹಾಜರಿ ಹೋಯ್ತು, ಮೂರು ಸಲ ಹಾಕಿದರೆ ಮುಕಾದಮ ಬೇರೆಯವಳನ್ನ ತರ್ತಾನೆ. ಹಾಗಾಗಿ ಒಂದು ಸಭೆಗೂ ಬಂದವರಲ್ಲ.

"ಅಣ್ಣಾ, ಬಣ್ಣ ಚೆಂದ ಐತಿ ಬಿಡ್ರಿ," ಅಂದರು. ಅವರು ಹೇಳಿದ್ದು ಮರಾಠಿಯಲ್ಲಿ, ನನ್ನ ನೆನಪಿನಲ್ಲಿ ಯಾಕೋ ನಮ್ಮೂರ ಕನ್ನಡದಲ್ಲೇ ಉಳಿದಿದೆ. "ನನ್ನ ಹುಡುಗಿ ಮುಂಜಾನೆ ಒಂದು ಲೋಟ ನೀರೂ ಕುಡೀದಂಗ ಸಾಲಿಗೆ ಹೋಗ್ತಾಳ. ಯಾಕ ಗೊತ್ತದ ಏನು?"

ಗೊತ್ತಾಯ್ತು. ಹುಡುಗಿಯರ ಪಾಯಿಖಾನೆಯಲ್ಲಿ ನೀರಿರಲಿಲ್ಲ. ಬಾಗಿಲಿಗೆ ಚಿಲಕವೂ ಇರಲಿಲ್ಲ. ಆರನೇ, ಏಳನೇ ಈಯತ್ತೆಯ ಹುಡುಗಿಯರು ಶಾಲೆ ಬಿಡೋವರೆಗೆ ತಡೆದುಕೊಂಡು ಕೂರ್ತಿದ್ದರು. ಇದು ಗೊತ್ತಿದ್ದವರು ಅಮ್ಮಂದಿರು. ಅಮ್ಮಂದಿರು ಬುಧವಾರ ಹನ್ನೊಂದಕ್ಕೆ ಪ್ಯಾಕಿಂಗ್ ಟೇಬಲ್ ಮುಂದೆ ನಿಂತಿದ್ದರು. ಸಭೆಯಲ್ಲಿ ಕೂತ ನಾವು ಮೂವರು ಗಂಡಸರಿಗೆ ಇದನ್ನ ಯಾರೂ ಹೇಳಿರಲಿಲ್ಲ.

ನಾನು ಹೋಗಿ ಮುಖ್ಯಾಧ್ಯಾಪಕಿಯವರನ್ನ ಕೇಳಿದೆ. ಅವರು ಕೆಟ್ಟವರಲ್ಲ ಅನ್ನೋದನ್ನ ಇಲ್ಲೇ ಹೇಳಬೇಕು. "ಭಾವು, ನಾನು ದೇವಳಾಲಿಯಿಂದ ಎರಡು ಬಸ್ ಬದಲಿಸಿ ಬರ್ತೀನಿ. ರಾತ್ರಿ ಎಂಟಕ್ಕೆ ಸಭೆ ಇಟ್ಟರೆ ನಾನು ಮನೆ ಸೇರೋದು ಎಷ್ಟಕ್ಕೆ? ಮೇಲಿನವರು ಇಷ್ಟನೇ ತಾರೀಖಿನೊಳಗೆ ಸಭೆ ಮಾಡಿ ವರದಿ ಕಳಿಸಿ ಅಂತಾರೆ, ಆ ತಾರೀಖು ಹಿಂದಿನ ದಿನ ನನ್ನ ಕೈ ಸೇರುತ್ತೆ" ಅಂದರು. ನಿಜ ತಾನೇ? ಸಭೆಯ ಗಂಟೆ ಬದಲಿಸಿ ಅನ್ನೋದು ಸುಲಭ, ಆ ಗಂಟೆಯನ್ನ ಇನ್ಯಾರದೋ ದಿನದಿಂದ ಕಿತ್ತುಕೊಳ್ಳಬೇಕಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ಶನಿವಾರದಲ್ಲಿ. ಶನಿವಾರ ಶಾಲೆ ಬೆಳಗಿನ ಅರ್ಧ ದಿನ. ನಮ್ಮ ಕಾರ್ಖಾನೆಗೂ ಸುತ್ತಲಿನ ಹಲವಕ್ಕೂ ವಾರದ ಸುಟ್ಟಿ ಶನಿವಾರವೇ. ಶಾಲೆ ಬಿಟ್ಟ ಕೂಡಲೇ ಹನ್ನೊಂದೂವರೆಗೆ ಕೂತರೆ ಬಾಯಿಯವರು ಒಂದೂವರೆ ಬಸ್ ಹಿಡೀಬಹುದು. ಗಂಟೆ ಹೆಚ್ಚುಕಡಿಮೆ ಅದೇ ನೋಡಿ, ವಾರ ಮಾತ್ರ ಬೇರೆ! ಇಷ್ಟು ಸಣ್ಣ ವಿಷಯ ಯಾರಿಗೂ ಹೊಳೆದಿರಲಿಲ್ಲ, ಯಾಕಂದರೆ ಯಾರೂ ಯಾರನ್ನೂ ಕೇಳಿರಲಿಲ್ಲ.

ಆ ಡಿಸೆಂಬರಿನ ಒಂದು ಶನಿವಾರ ಸಮಿತಿ ಅಷ್ಟೇ ಅಲ್ಲ, ಎಲ್ಲ ಪಾಲಕರನ್ನೂ ಕರೆದೆವು. ನಲವತ್ತರ ಹತ್ತಿರ ಜನ ಬಂದರು, ಅರ್ಧಕ್ಕಿಂತ ಹೆಚ್ಚು ಹೆಂಗಸರು. ಮೊದಲ ಒಂದು ಗಂಟೆ ಬರೀ ಖಿಚಡಿ ಜಗಳ. ಆಮೇಲೆ ಹಲಗೆಯ ಮೇಲೆ ಪಟ್ಟಿ ಬರೆದು ಕೈ ಎತ್ತಿಸಿದೆವು. ಮೊದಲು ನೀರಿನ ಟಾಕಿ ಮತ್ತು ನಲ್ಲಿ, ಎರಡನೆಯದು ಚಿಲಕ, ಮೂರನೆಯದು ಮಳೆಗಾಲದಲ್ಲಿ ಸೋರೋ ಖೋಲಿ. ಬಣ್ಣಕ್ಕೆ ಒಂದೂ ಕೈ ಏಳಲಿಲ್ಲ. ಅನುದಾನ ಆ ವರ್ಷವೂ ಬಂದಿದ್ದು ಮಾರ್ಚಿಗೇ. ಆದರೆ ಪಟ್ಟಿ ಡಿಸೆಂಬರಿಂದಲೇ ತಯಾರಿತ್ತು, ಪ್ಲಂಬರ್ ಅಂದಾಜು ಕೊಟ್ಟಾಗಿತ್ತು. ಹಾಗಾಗಿ ಹತ್ತು ದಿನ ಸಾಕಾಯ್ತು. ಆ ಮೂರು ತಿಂಗಳ ನಿಯಮದ ಬೆಲೆ ಇಷ್ಟು. ಮುಂಚೆಯೇ ಕೂತು ತೀರ್ಮಾನಿಸದಿದ್ದರೆ ಮಾರ್ಚಿನಲ್ಲಿ ಬಂದ ದುಡ್ಡು ಬಣ್ಣಕ್ಕೇ ಹೋಗೋದು.

ಎರಡು ವರ್ಷಕ್ಕೆ ಸಮಿತಿ ಬದಲಾಯ್ತು, ಬಾಯಿಯವರಿಗೂ ವರ್ಗ ಆಯ್ತು. ಆಮೇಲೆ ಮತ್ತೆ ಬುಧವಾರ ಹನ್ನೊಂದು ಗಂಟೆ ಅಂತ ಕೇಳಿದೆ. ಶನಿವಾರ ಅನ್ನೋದು ಎಲ್ಲೂ ಬರೆದಿಟ್ಟ ನಿಯಮ ಆಗಿರಲಿಲ್ಲ. ಇಬ್ಬರ ನಡುವಿನ ಹೊಂದಾಣಿಕೆ ಆಗಿತ್ತು ಅಷ್ಟೇ.

ಹಳ್ಳಿಗಳ ಕತೆ ಬೇರೆ. ಸಾತಪುರ ದಾಟಿ ತ್ರ್ಯಂಬಕ ರಸ್ತೆಯಲ್ಲಿ ಮುಂದೆ ಹೋದರೆ ಪಾಲಿಕೆಯ ಗಡಿ ಮುಗಿದು ಗ್ರಾಮಪಂಚಾಯತಿಗಳು ಶುರುವಾಗುತ್ತವೆ. ಅದರಲ್ಲಿ ಒಂದರ ಹೆಸರು ಬೆಳಗಾಂವ ಢಗಾ. ಕನ್ನಡಿಗರು ಬೋರ್ಡ್ ನೋಡಿ ಒಂದು ಸಲ ಬೆಚ್ಚಿಬೀಳೋದು ಖಾತ್ರಿ! ಆ ಕಡೆಯ ಹಳ್ಳಿಗಳಿಂದ ನಮ್ಮ ಕಾರ್ಖಾನೆಗೆ ಬರೋ ಹುಡುಗರನ್ನ "ಗ್ರಾಮಸಭಾ ಯಾವತ್ತು?" ಅಂತ ಕೇಳಿದರೆ ಯೋಚನೆ ಮಾಡದೇ ಹೇಳ್ತಾರೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2. ವರ್ಷಕ್ಕೆ ಕಡಿಮೆ ಅಂದರೆ ನಾಲ್ಕು ಗ್ರಾಮಸಭೆ ಆಗಬೇಕು ಅನ್ನೋದು ಕಾನೂನು. ಈ ನಾಲ್ಕು ದಿನ ಅನ್ನೋದು ಮಹಾರಾಷ್ಟ್ರದ ಹಳ್ಳಿಗರ ತಲೆಯಲ್ಲಿ ಕ್ಯಾಲೆಂಡರ್ ಥರ ಕೂತುಬಿಟ್ಟಿದೆ. 2017ರ ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಲ್ಲಿ ಸಂಬಳ ಸಹಿತ ರಜೆ ಅಂತ ಹೆಸರು ಹಿಡಿದು ಬರೆದಿರೋದೂ ಇದೇ ನಾಲ್ಕು ದಿನ. ಅಂದರೆ ಕೂಲಿ ಕಳೆದುಕೊಳ್ಳದೇ ಬರಬಹುದಾದ ದಿನ. ಅಕ್ಟೋಬರ್ 2 ಡ್ರೈ ಡೇ ಆಗಿರೋದು ಇನ್ನೊಂದು ಅನುಕೂಲ ಅಂತ ನಮ್ಮ ಹುಡುಗರು ನಗ್ತಾರೆ.

ಅಲ್ಲಿ ಎಲ್ಲ ಸರಿಯಿದೆ ಅಂತಲ್ಲ. ಮತದಾರರಲ್ಲಿ ನೂರಕ್ಕೆ 15 ಇಲ್ಲವೇ 100 ಜನ, ಯಾವುದು ಕಡಿಮೆಯೋ ಅಷ್ಟು ಬಂದರೆ ಕೋರಂ. ಬರದಿದ್ದರೆ ಸಭೆ "ತಹಕೂಬ", ಅಂದರೆ ಮುಂದಕ್ಕೆ. ಮುಂದಕ್ಕೆ ಹಾಕಿದ ಸಭೆಗೆ ಕೋರಂ ಬೇಕಿಲ್ಲ! ಒಬ್ಬ ಹುಡುಗ ಹೇಳಿದ್ದ, "ಅಣ್ಣಾ, ಕೆಲವು ಸರಪಂಚರಿಗೆ ತಹಕೂಬ ಸಭೆ ಅಂದರೇನೇ ಪ್ರೀತಿ." ಮೊದಲ ಸಭೆಯ ದಿನ ಎಲ್ಲರಿಗೂ ಗೊತ್ತು, ಎರಡನೆಯದರ ದಿನ ಅವರಿಗೆ ಬೇಕಾದವರಿಗಷ್ಟೇ ಗೊತ್ತು. ಇದನ್ನ ಅರಿತೇ ಏನೋ, ಗ್ರಾಮಸಭೆಗೆ ಮುಂಚೆ ಹೆಂಗಸರದ್ದೇ ಪ್ರತ್ಯೇಕ ಸಭೆ ಆಗಬೇಕು ಅಂತ ಕಾನೂನಿನಲ್ಲಿ ಸೇರಿಸಿದರು. ಒಳ್ಳೆ ಕೆಲಸ. ನಮ್ಮ ನಲ್ಲಿ ಮತ್ತು ಚಿಲಕದ ಮಾತು ಅಂಥ ಕಡೆಯೇ ಹೊರಗೆ ಬರೋದು.

ಇದನ್ನೆಲ್ಲ ಊರಲ್ಲಿರೋ ಅಕ್ಕನಿಗೆ ಫೋನಿನಲ್ಲಿ ಹೇಳ್ತಿದ್ದೆ. ಅಕ್ಕ ಒಂದು ಅವಧಿಗೆ ಅಲ್ಲಿನ ಎಸ್‌ಡಿಎಂಸಿಯಲ್ಲಿದ್ದವಳು. "ತಮ್ಮಾ, ನಿಮ್ಮಲ್ಲಿ ಶಿಫ್ಟ್, ನಮ್ಮಲ್ಲಿ ಬಿತ್ತಿಗಿ. ಬಿತ್ತಿಗಿ ವಾರದಾಗ ಸಭೆ ಇಟ್ರ ಯಾವ ಹೆಣಮಗಳು ಬರ್ತಾಳೋ? ಕಳೇವು ತಗಿಯೂದು ಬಿಟ್ಟು ಕುರ್ಚಿ ಮ್ಯಾಲ ಕುಂಡ್ರಾಕ ಆಕಿಗೇನು ಪಗಾರ ಕೊಡ್ತಾರನು?" ಅಂದಳು. ಕರ್ನಾಟಕದಲ್ಲಿ ಗ್ರಾಮಸಭೆ ಆರು ತಿಂಗಳಿಗೆ ಒಂದು ಸಲವಾದರೂ ಆಗಬೇಕು, ಆದರೆ ಮಹಾರಾಷ್ಟ್ರದ ಹಾಗೆ ಬಾಯಿಪಾಠದ ದಿನ ಅಂತಿಲ್ಲ. ಅಲ್ಲಿ ಇರೋ ಚೆಂದದ ಇನ್ನೊಂದು ಸಭೆ ಅಂದರೆ ಮಕ್ಕಳ ಗ್ರಾಮಸಭೆ. ಕುಂದಾಪುರ ಕಡೆಯ ಕೆರಾಡಿಯಂಥ ಹಳ್ಳಿಗಳಲ್ಲಿ ಮಕ್ಕಳ ಪಂಚಾಯತಿ ನಡೆಸಿ ನೋಡಿದ ಮೇಲೆ, 2006ರಿಂದ ಇಡೀ ರಾಜ್ಯದಲ್ಲಿ ವರ್ಷಕ್ಕೊಂದು ಸಲ ನಡೆಸಿ ಅಂತ ಸರ್ಕಾರ ಹೇಳಿತು. ಅಕ್ಕ ಹೇಳೋ ಪ್ರಕಾರ ದೊಡ್ಡವರ ಸಭೆಯಲ್ಲಿ ರಸ್ತೆ, ಗಟಾರದ ಮಾತು ಮುಗಿಯೋದೇ ಇಲ್ಲ. ಮಕ್ಕಳ ಸಭೆಯಲ್ಲಿ ಎದ್ದು ನಿಂತ ಮೊದಲ ಹುಡುಗಿಯೇ ಪಾಯಿಖಾನೆ ಕೇಳ್ತಾಳೆ. ಅದು ಶಾಲೆಯ ಹೊತ್ತಿನಲ್ಲಿ ನಡೆಯೋದರಿಂದ ಮಕ್ಕಳೆಲ್ಲ ಇರ್ತಾರೆ!

ಹೊರಗಿನ ದೇಶದ ಒಂದು ಉದಾಹರಣೆ ಕೊಡಲೇಬೇಕು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಕ್ರಾಯ್ಡನ್ ಅಂತ ಪುಟ್ಟ ಊರು, ಎಂಟು ನೂರರ ಹತ್ತಿರ ಜನ. ಅಲ್ಲಿ ಶಾಲೆಯ ಬಜೆಟ್ಟನ್ನ ಊರಿನವರೇ ಸಭೆ ಸೇರಿ ಪಾಸು ಮಾಡೋದು. 2022ರ ಮಾರ್ಚ್ 12ರಂದು ಸಭೆ. ಬಂದವರು ಬಹಳ ಕಡಿಮೆ. ಒಬ್ಬರು ಎದ್ದು, 17 ಲಕ್ಷ ಡಾಲರಿನ ಬಜೆಟ್ಟನ್ನ 8 ಲಕ್ಷಕ್ಕೆ ಇಳಿಸಿ ಅಂದರು. 20 ಓಟು ಪರ, 14 ವಿರೋಧ. ಪಾಸಾಗಿಬಿಡ್ತು! ಇಡೀ ಊರಿನ ಮಕ್ಕಳ ಶಾಲೆಯ ದುಡ್ಡು ಅರ್ಧಕ್ಕಿಂತ ಕೆಳಗೆ. ಮನೆಯಲ್ಲಿದ್ದವರಿಗೆ ಆಮೇಲೆ ಗೊತ್ತಾಯ್ತು. ವಿಶೇಷ ಸಭೆ ಕರೆಯಬೇಕು, ಅದರ ತೀರ್ಮಾನ ನಿಲ್ಲಬೇಕಾದರೆ ಊರಿನ ಮತದಾರರಲ್ಲಿ ಅರ್ಧದಷ್ಟು ಜನ ಬರಬೇಕು ಅನ್ನೋ ಷರತ್ತು. ಜನ ಮನೆಮನೆ ತಿರುಗಿದರು. ಮೇ 7ರಂದು ಮತ್ತೆ ಓಟು. 377 ಜನ ಹಳೆ ಬಜೆಟ್ ವಾಪಸ್ ತನ್ನಿ ಅಂದರು, ಬೇಡ ಅಂದವರು 2!

ಅದೇ ಊರು, ಅದೇ ಶಾಲೆ, ಎರಡು ತಿಂಗಳೂ ಆಗಿಲ್ಲ. ಮಾರ್ಚಿನ ಸಭೆಯೂ ಕದ್ದು ಕರೆದದ್ದಲ್ಲ, ವರ್ಷಾ ನಡೆಯೋದೇ. ದಿನ ಗೊತ್ತಿದ್ದರೆ ಸಾಲದು, ಆ ದಿನ ಏನು ಪಣಕ್ಕಿದೆ ಅನ್ನೋದೂ ಗೊತ್ತಿರಬೇಕು.

ಅದೇ ದೇಶದ ನ್ಯೂಯಾರ್ಕ್ ರಾಜ್ಯದವರು ಈ ವಿಷಯದಲ್ಲಿ ಲೆಕ್ಕಾಚಾರದ ಮಂದಿ. ಐದು ದೊಡ್ಡ ನಗರ ಬಿಟ್ಟು ಉಳಿದ ಕಡೆಯೆಲ್ಲ ಶಾಲೆಯ ಬಜೆಟ್ಟಿಗೆ ಮೇ ತಿಂಗಳ ಮೂರನೇ ಮಂಗಳವಾರ ಓಟು. ಬಿದ್ದುಹೋದರೆ ಇನ್ನೊಂದು ಸಲ ಜೂನಿನಲ್ಲಿ. ನನಗೆ ಹೆಚ್ಚು ಹಿಡಿಸಿದ್ದು ಅವರ ಒಂದು ಸಣ್ಣ ಷರತ್ತು. ಮತಗಟ್ಟೆ ಎಷ್ಟು ಹೊತ್ತು ತೆರೆದಿದ್ದರೂ ಸಂಜೆ ಆರರ ನಂತರ ಎರಡು ಗಂಟೆಯಾದರೂ ತೆರೆದಿರಬೇಕು. ಈ ನಿಯಮ ಬರೆದವರಿಗೆ ಜನ ದುಡಿದು ಮನೆಗೆ ಬರೋದು ಎಷ್ಟು ಹೊತ್ತಿಗೆ ಅಂತ ಗೊತ್ತಿತ್ತು.

ನಾಸಿಕದಂಥ ಊರಲ್ಲಿ ನಮಗೆ ಇವೆರಡೂ ಇಲ್ಲ. ಹಳ್ಳಿಯ ಗ್ರಾಮಸಭೆ ಗಡಿಯ ಆಚೆ ನಿಂತುಹೋಯ್ತು. 2009ರಲ್ಲಿ ಮಹಾರಾಷ್ಟ್ರ ಕಾಯ್ದೆ ತಿದ್ದಿ ಪಟ್ಟಣಕ್ಕೂ "ಕ್ಷೇತ್ರಸಭಾ" ಅಂತ ಸೇರಿಸಿತು. ಇಷ್ಟು ವರ್ಷದಲ್ಲಿ ನಮ್ಮ ಓಣಿಯಲ್ಲಿ ನಾನು ಒಂದನ್ನೂ ನೋಡಿಲ್ಲ. 2017ರಲ್ಲಿ ಆರಿಸಿ ಕಳಿಸಿದ ನಗರಸೇವಕರ ಅವಧಿ 2022ರ ಮಾರ್ಚಿಗೆ ಮುಗಿದ ಮೇಲಂತೂ ಮೂರು ವರ್ಷಕ್ಕೂ ಮೀರಿ ಪಾಲಿಕೆಗೆ ಆಡಳಿತಾಧಿಕಾರಿಯೇ ಎಲ್ಲ. ಆಗ ಪಾಲಿಕೆ ಶಾಲೆಯ ಬಗ್ಗೆ ಕೈ ಎತ್ತೋಕೆ ಉಳಿದಿದ್ದ ಒಂದೇ ಜಾಗ ಅಂದರೆ ಶಾಳಾ ಸಮಿತಿ. ಅದೂ ಬುಧವಾರ ಹನ್ನೊಂದಕ್ಕೆ.

ದುಡ್ಡೂ ಈಗ ಮೊದಲಿನಷ್ಟು ಸಣ್ಣದಲ್ಲ. 2018ರಲ್ಲಿ ಸಮಗ್ರ ಶಿಕ್ಷಾ ಬಂದ ಮೇಲೆ ನೂರಕ್ಕಿಂತ ಹೆಚ್ಚು ಮಕ್ಕಳಿರೋ ಶಾಲೆಗೆ ವರ್ಷಕ್ಕೆ 50,000, ಇನ್ನೂರೈವತ್ತು ದಾಟಿದರೆ 75,000, ಸಾವಿರ ದಾಟಿದರೆ ಒಂದು ಲಕ್ಷ ಅಂತ ಒಟ್ಟು ಅನುದಾನದ ಮಿತಿ ಗೊತ್ತುಮಾಡಿದರು. 75,000ದಲ್ಲಿ ಟಾಕಿ, ನಲ್ಲಿ, ಚಿಲಕ ಆಗಿ ಇನ್ನೂ ಉಳಿಯುತ್ತೆ. ಇಲ್ಲವೇ ಇಡೀ ಶಾಲೆಗೆ ಇನ್ನೊಂದು ಸಲ ಹಳದಿ ಬಳಿಯಬಹುದು.

ನಾನೀಗ ರಿಟೈರ್ ಆದವನು, ಬುಧವಾರವೂ ಬಿಡುವೇ. ಆದರೂ ಓಣಿಯ ಹೊಸ ಪಾಲಕರು ಯಾರಾದರೂ ಸಮಿತಿಗೆ ಹೋಗ್ತೀನಿ ಅಂದರೆ ಮೂರು ಮಾತು ಹೇಳಿ ಕಳಿಸ್ತೀನಿ. ಮೊದಲ ಸಭೆಯಲ್ಲೇ ಇಡೀ ವರ್ಷದ ದಿನಗಳನ್ನ ಬರೆಸಿ ಗೋಡೆಗೆ ಅಂಟಿಸಿ. ಗಂಟೆ ಗೊತ್ತುಮಾಡೋ ಮುಂಚೆ ಅಮ್ಮಂದಿರ ಶಿಫ್ಟ್ ಕೇಳಿ, ಮುಖ್ಯಾಧ್ಯಾಪಕರ ಬಸ್ಸಿನ ಹೊತ್ತೂ ಕೇಳಿ. ನೋಟಿಸಿನಲ್ಲಿ "ವಿವಿಧ ವಿಷಯಗಳು" ಅಂತ ಬರೆಯೋಕೆ ಬಿಡಬೇಡಿ, ಇಷ್ಟು ರೂಪಾಯಿ ಇದೆ, ಇಂತಿಂಥದ್ದಕ್ಕೆ ಖರ್ಚು ಮಾಡೋ ವಿಚಾರ ಇದೆ ಅಂತ ಬರೆಸಿ. ಮತ್ತೆ ಇದನ್ನೆಲ್ಲ ಠರಾವು ಮಾಡಿ ರಜಿಸ್ಟರಿನಲ್ಲಿ ಬರೆಸಿ. ನಮ್ಮ ಶನಿವಾರ ಉಳಿಯದೇ ಹೋಗಿದ್ದು ಅದನ್ನ ಬರೆದಿಡದ ಕಾರಣಕ್ಕೆ.

ನಿಮ್ಮ ಮಕ್ಕಳ, ಮೊಮ್ಮಕ್ಕಳ ಶಾಲೆಯಲ್ಲಿ ಸಭೆ ಯಾವ ವಾರ, ಎಷ್ಟು ಗಂಟೆಗೆ? ಆ ಹೊತ್ತಿನಲ್ಲಿ ಬರೋಕೆ ಆಗದೇ ಇರೋರು ಯಾರು? ಒಂದು ಸಲ ಲೆಕ್ಕ ಹಾಕಿ ನೋಡಿ.